ಹೊಲಿಗೆ ಒಣಗಿದ ಮೇಲೆ ಹುಟ್ಟುವ ಹಲ್ಲುಗಳು

ಮೇಲ್ದವಡೆಯ ನಟ್ಟನಡುವೆ ಎರಡು ಅಗಲವಾದ ಬಾಚಿಹಲ್ಲು. ಅವುಗಳ ಎಡಬಲಕ್ಕೆ ಒಂದೊಂದು ಚಿಕ್ಕ ಬಾಚಿಹಲ್ಲು, ಅದರಾಚೆ ಕೋರೆಹಲ್ಲು. ಮಗು ನಕ್ಕಾಗ ಆ ಚಿಕ್ಕ ಹಲ್ಲಿನ ಮೇಲೆ ಯಾರ ಕಣ್ಣೂ ನಿಲ್ಲುವುದಿಲ್ಲ. ಆದರೆ ತುಟಿ, ಅಂಗುಳ ಸೀಳಿ ಹುಟ್ಟಿದ ಮಗುವಿನ ಬಾಯಲ್ಲಿ ಮೊದಲು ಹುಡುಕಬೇಕಾದದ್ದು ಅದನ್ನೇ. ಅದು ಹುಟ್ಟದೇ ಹೋಗಬಹುದು. ಒಂದರ ಬದಲು ಎರಡು ಹುಟ್ಟಬಹುದು. ಹುಟ್ಟಿದರೂ ಮೊನಚಾಗಿ, ಸಣ್ಣದಾಗಿ, ತಿರುಚಿಕೊಂಡು, ಸಾಲು ಬಿಟ್ಟು ಅಂಗುಳದ ಕಡೆ ಬರಬಹುದು. ಒಡಹುಟ್ಟಿದ ಉಳಿದ ಹಲ್ಲುಗಳೆಲ್ಲ ಬಂದ ಎಷ್ಟೋ ತಿಂಗಳ ಮೇಲೆ ತಲೆ ಹಾಕಬಹುದು.

ಜಗತ್ತಿನಲ್ಲಿ ಸುಮಾರು 700 ಹೆರಿಗೆಗೆ ಒಂದರಂತೆ ಸೀಳುತುಟಿ ಅಥವಾ ಸೀಳಂಗುಳದ ಮಗು ಹುಟ್ಟುತ್ತದೆ. ಭಾರತದಲ್ಲಿ ವರ್ಷಕ್ಕೆ ಇಂಥ ಮಕ್ಕಳು 28 ಸಾವಿರದಿಂದ 35 ಸಾವಿರದವರೆಗೆ ಇರಬಹುದೆಂದು ಅಂದಾಜು. ಈ ಮಕ್ಕಳ ಬಗ್ಗೆ ನಾವು ಆಡುವ ಮಾತೆಲ್ಲ ಆಪರೇಷನ್ನಿನ ಸುತ್ತಲೇ. ಆಪರೇಷನ್ನಿಗೆ ಮೊದಲಿನ ಫೋಟೊ, ಆಮೇಲಿನ ಫೋಟೊ, ನಗುವ ತಾಯಿ. ಆ ಸಂತೋಷ ನಿಜವಾದದ್ದು, ದೊಡ್ಡದು. ಆದರೆ ಆ ಎರಡನೇ ಫೋಟೊ ತೆಗೆಯುವಾಗ ಮಗುವಿನ ಬಾಯಲ್ಲಿ ಸಾಮಾನ್ಯವಾಗಿ ಹಲ್ಲೇ ಇರುವುದಿಲ್ಲ. ಹಲ್ಲು ಬರುವಷ್ಟರಲ್ಲಿ ಕುಟುಂಬ ಊರು ಸೇರಿರುತ್ತದೆ, ಆಸ್ಪತ್ರೆಯ ಕಾರ್ಡು ಟ್ರಂಕಿನ ತಳ ಸೇರಿರುತ್ತದೆ. ಸೀಳಂಗುಳದ ಮಗುವಿನ ಹಲ್ಲಿನ ತೊಂದರೆಗಳು ಆಪರೇಷನ್ನಿನಿಂದ ಉಳಿದುಕೊಂಡ ಕೊಸರು ಅಲ್ಲ. ಹುಟ್ಟಿಗೆ ಏಳು ತಿಂಗಳು ಮೊದಲೇ, ಅಂಗುಳದ ಜೊತೆಜೊತೆಗೇ ಅವು ಶುರುವಾಗಿರುತ್ತವೆ.

ಬಸಿರಿನ ನಾಲ್ಕನೇ ವಾರದಲ್ಲಿ ಭ್ರೂಣಕ್ಕೆ ಮುಖವೆಂದು ಕರೆಯಬಹುದಾದದ್ದು ಇನ್ನೂ ಇಲ್ಲ. ಬಾಯಾಗಬೇಕಾದ ತಗ್ಗಿನ ಸುತ್ತ ಐದು ಉಬ್ಬುಗಳಿರುತ್ತವೆ: ಮೇಲೆ ಹಣೆ ಮೂಗಿನದ್ದು ಒಂದು, ಪಕ್ಕದಲ್ಲಿ ಮೇಲ್ದವಡೆಯವು ಎರಡು, ಕೆಳಗೆ ಕೆಳದವಡೆಯವು ಎರಡು. ನರಮಂಡಲವಾಗಲಿರುವ ಮಡಿಕೆಯ ಅಂಚಿನಿಂದ ಕಳಚಿಕೊಂಡ ಜೀವಕೋಶಗಳು ವಲಸೆ ಬಂದು ಈ ಉಬ್ಬುಗಳನ್ನು ತುಂಬುತ್ತವೆ. ದವಡೆಯ ಮೂಳೆ, ಅಂಗುಳದ ಮೂಳೆ, ಹಲ್ಲಿನ ಒಳಗಿನ ತಿರುಳು, ದಂತದ್ರವ್ಯ ಎಲ್ಲಕ್ಕೂ ಇವೇ ಮೂಲ. ಆರೇಳು ವಾರದ ಹೊತ್ತಿಗೆ ಮೂಗಿನ ಕಡೆಯ ಉಬ್ಬೂ ಮೇಲ್ದವಡೆಯ ಉಬ್ಬೂ ಕೂಡಿಕೊಂಡು ಮೇಲ್ದುಟಿ ಆಗುತ್ತದೆ, ಅದರ ಹಿಂದೆ ನಾಲ್ಕು ಬಾಚಿಹಲ್ಲುಗಳಿಗೆ ಜಾಗ ಕೊಡುವ ಮುಂದಿನ ಅಂಗುಳದ ತುಣುಕು ಆಗುತ್ತದೆ. ಹಿಂದಿನ ಅಂಗುಳದ ಕಥೆ ಬೇರೆ. ಅದರ ಎರಡು ಪದರಗಳು ಮೊದಲು ನಾಲಿಗೆಯ ಎರಡೂ ಮಗ್ಗುಲಲ್ಲಿ ಕೆಳಮುಖವಾಗಿ ಬೆಳೆಯುತ್ತವೆ. ಎಂಟನೇ ವಾರದ ಸುಮಾರಿಗೆ ದವಡೆ ಬೆಳೆದು ನಾಲಿಗೆ ತಗ್ಗಿದಾಗ, ತೆರೆದ ಕಿಟಕಿಯ ಕದಗಳು ಮುಚ್ಚಿಕೊಂಡ ಹಾಗೆ, ಮೇಲೆದ್ದು ಅಡ್ಡಲಾಗಿ ನಡುವೆ ಸೇರುತ್ತವೆ. ಹನ್ನೆರಡನೇ ವಾರದೊಳಗೆ ಕಿರುನಾಲಿಗೆಯವರೆಗೂ ಬೆಸುಗೆ ಮುಗಿಯಬೇಕು. ಯಾವುದೋ ಒಂದು ಹಂತದಲ್ಲಿ ಕೋಶಗಳು ಸಾಲದೆ ಹೋದರೆ, ಪದರ ಏಳುವುದು ತಡವಾದರೆ, ಮುಟ್ಟಿದ ಅಂಚುಗಳ ನಡುವಿನ ಹೊರಪೊರೆ ಕರಗದಿದ್ದರೆ ಸೀಳು ಉಳಿಯುತ್ತದೆ.

ಇದೇ ಆರನೇ ವಾರದಲ್ಲಿ, ಇದೇ ಉಬ್ಬುಗಳ ಅಂಚಿನಲ್ಲಿ, ಹೊರಪೊರೆ ದಪ್ಪಗಾಗಿ ಹಲ್ಲುಗಳ ಮೊಳಕೆಗೆ ಪಟ್ಟಿ ಹಾಕಲು ಶುರುಮಾಡುತ್ತದೆ. ಅದೇ ಕೋಶಗಳು, ಅವೇ ರಾಸಾಯನಿಕ ಸಂಕೇತಗಳು, ಅವೇ ವಾರಗಳು. ಅಂಗುಳ ತಪ್ಪಿದಲ್ಲಿ ಹಲ್ಲೂ ಹಾದಿ ತಪ್ಪಿದರೆ ಅಚ್ಚರಿಪಡಬೇಕಾದ್ದೇನಿಲ್ಲ. ಗ್ರಹಣದ ಹೊತ್ತಿನಲ್ಲಿ ತರಕಾರಿ ಹೆಚ್ಚಿದ್ದರಿಂದ ಹೀಗಾಯಿತೆಂದು ಇವತ್ತಿಗೂ ಬಾಣಂತಿಯ ಎದುರಿಗೇ ಆಡುವವರಿದ್ದಾರೆ. ಅನೇಕ ಹೆಂಗಸರಿಗೆ ತಾವು ಬಸುರಿ ಎಂಬುದು ಖಚಿತವಾಗುವ ಹೊತ್ತಿಗೆ ಮಗುವಿನ ತುಟಿಯ ಬೆಸುಗೆ ನಡೆಯುತ್ತಿರುತ್ತದೆ ಅಥವಾ ಮುಗಿದೇ ಇರುತ್ತದೆ. ವಂಶವಾಹಿಗಳು, ತಾಯಿಯ ಸಕ್ಕರೆ ಕಾಯಿಲೆ, ಮೂರ್ಛೆರೋಗದ ಕೆಲವು ಮಾತ್ರೆಗಳು, ಹೊಗೆಸೊಪ್ಪಿನ ಹೊಗೆ ಇವೆಲ್ಲ ಸೇರಿ ತೂಗುವ ಲೆಕ್ಕ ಇದು. ಆ ತಾಯಿಯ ಮೇಲೆ ತಪ್ಪು ಹೊರಿಸುವುದು ಕ್ರೌರ್ಯ.

ಎಲ್ಲ ಸೀಳೂ ಒಂದೇ ಅಲ್ಲ. ಡೆನ್ಮಾರ್ಕಿನ ಶಸ್ತ್ರವೈದ್ಯ ಪೌಲ್ ಫೋಗ್ ಆಂಡರ್ಸನ್ 1942ರ ತಮ್ಮ ಪ್ರಬಂಧದಲ್ಲಿ ವಂಶಾವಳಿಗಳನ್ನು ಬಿಡಿಸಿ ನೋಡಿ, ತುಟಿಯ ಸೀಳು (ಅಂಗುಳ ಜೊತೆಗೆ ಸೀಳಿರಲಿ, ಬಿಡಲಿ) ಒಂದು ಬಳ್ಳಿ, ತುಟಿ ಸರಿಯಿದ್ದು ಅಂಗುಳ ಮಾತ್ರ ಸೀಳಿದ್ದು ಇನ್ನೊಂದು ಬಳ್ಳಿ ಎಂದು ತೋರಿಸಿದರು. ಮೊದಲನೆಯದು ಗಂಡುಮಕ್ಕಳಲ್ಲಿ, ಅದರಲ್ಲೂ ಎಡಭಾಗದಲ್ಲಿ ಹೆಚ್ಚು. ಎರಡನೆಯದು ಹೆಣ್ಣುಮಕ್ಕಳಲ್ಲಿ ಹೆಚ್ಚು. ಹಲ್ಲಿನ ಮಟ್ಟಿಗೂ ಈ ಭೇದ ನಿಲ್ಲುತ್ತದೆ. ತುಟಿಯಿಂದ ಹಿಡಿದು ವಸಡಿನ ದಿಂಡನ್ನೂ ಒಡೆದು ಅಂಗುಳದವರೆಗೆ ಹೋದ ಸೀಳಿನಲ್ಲಿ ತೊಂದರೆಯ ಕೇಂದ್ರ ಸೀಳಿನ ದಡ. ಅಂಗುಳ ಮಾತ್ರ ಸೀಳಿದಾಗ ವಸಡಿನ ದಿಂಡು ಮುರಿದಿರುವುದಿಲ್ಲ, ಹಾಲುಹಲ್ಲುಗಳು ನೋಡಲು ಬಹುಮಟ್ಟಿಗೆ ಸರಿಯಾಗಿಯೇ ಬರುತ್ತವೆ. ಆದರೆ ಶಾಶ್ವತ ಹಲ್ಲುಗಳ ಸರದಿ ಬಂದಾಗ, ಸೀಳಿನಿಂದ ದೂರದಲ್ಲಿ, ಕೆಲವೊಮ್ಮೆ ಕೆಳದವಡೆಯಲ್ಲಿ, ಹಲ್ಲುಗಳು ಕಾಣೆಯಾಗಿರುವುದು ಗೊತ್ತಾಗುತ್ತದೆ.

ಆ ಚಿಕ್ಕ ಬಾಚಿಹಲ್ಲೇ ಯಾಕೆ ಇಷ್ಟು ಪೆಟ್ಟು ತಿನ್ನುತ್ತದೆ? ಹಳೆಯ ಪಠ್ಯಗಳಲ್ಲಿ ಉತ್ತರ ಸರಳವಾಗಿತ್ತು: ನಾಲ್ಕೂ ಬಾಚಿಹಲ್ಲು ಮೂಗಿನ ಕಡೆಯ ಉಬ್ಬಿನಿಂದ, ಕೋರೆಹಲ್ಲು ಮೇಲ್ದವಡೆಯ ಉಬ್ಬಿನಿಂದ, ಸೀಳು ಅವುಗಳ ನಡುವೆ. ಹಾಗಿದ್ದರೆ ಚಿಕ್ಕ ಬಾಚಿಹಲ್ಲು ಯಾವಾಗಲೂ ಸೀಳಿನ ಒಳದಡದಲ್ಲಿ, ಮಧ್ಯದ ಹಲ್ಲಿನ ಪಕ್ಕದಲ್ಲೇ ಸಿಗಬೇಕಿತ್ತು. ಮಕ್ಕಳ ಬಾಯಿ ನೋಡಿದವರಿಗೆ ಬಹಳ ಸಲ ಅದು ಸಿಗುವುದು ಹೊರದಡದಲ್ಲಿ, ಕೋರೆಹಲ್ಲಿನ ಪಕ್ಕದಲ್ಲಿ. ಕೆಲವರಲ್ಲಿ ಎರಡೂ ದಡದಲ್ಲಿ ಒಂದೊಂದು. ಪ್ರಾಗ್ ನಗರದ ಮಾರ್ಸೆಲಾ ಹೊವೊರಾಕೊವಾ ಮತ್ತು ಜೊತೆಗಾರರು ಮಾನವ ಭ್ರೂಣಗಳನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಪ್ಪುವಂಥ ಕಾರಣ ಕೊಟ್ಟಿತು. ಮೇಲಿನ ಚಿಕ್ಕ ಹಾಲುಹಲ್ಲಿಗೆ ಎರಡೂ ಉಬ್ಬುಗಳು ಪಾಲು ಕೊಡುತ್ತವೆ. ಅವು ಕೂಡುವ ಗೆರೆಯ ಮೇಲೆಯೇ ಅದರ ಮೊಳಕೆ. ಕೂಡಬೇಕಾದ ದಡಗಳು ಕೂಡದಿದ್ದರೆ ಒಂದೊಂದು ದಡವೂ ತನ್ನ ಪಾಲನ್ನು ತಾನೇ ಇಟ್ಟುಕೊಂಡು ಪೂರ್ಣ ಹಲ್ಲಾಗಿಸಲು ಹೆಣಗುತ್ತದೆ. ಎರಡೂ ಗೆದ್ದರೆ ಎರಡು ಹಲ್ಲು, ಒಂದೇ ಗೆದ್ದರೆ ಆ ದಡದಲ್ಲಿ ಒಂದು, ಎರಡೂ ಸೋತರೆ ಖಾಲಿ. ಹಲ್ಲಿಲ್ಲದಿರುವುದೂ ಹೆಚ್ಚು ಹಲ್ಲಿರುವುದೂ ಒಂದೇ ಘಟನೆಯ ಎರಡು ಮುಖಗಳೆಂದು ತೋರಿಸಿದ ಈ ವಿವರಣೆ ನನ್ನ ಮಟ್ಟಿಗೆ ಇಡೀ ವಿಷಯದ ಅತ್ಯಂತ ಸೊಗಸಾದ ಭಾಗ.

ಹಾಲುಹಲ್ಲಿನ ಕಾಲದಲ್ಲಿ ಸೀಳಿನ ಬಳಿ ಹೆಚ್ಚಿನ ಹಲ್ಲು ಕಾಣಿಸಿಕೊಳ್ಳುವುದು ಸಾಮಾನ್ಯ. ಶಾಶ್ವತ ಹಲ್ಲಿನ ಕಾಲಕ್ಕೆ ಲೆಕ್ಕ ತಿರುವು ಮುರುವಾಗುತ್ತದೆ, ಅಲ್ಲಿ ಕೊರತೆಯೇ ಮುಂದು. ಹಾಗಾಗಿ ಮೂರು ವರ್ಷದ ಮಗುವಿನ ಬಾಯಲ್ಲಿ ಚಿಕ್ಕ ಬಾಚಿಹಲ್ಲು ಇದೆಯೆಂದ ಮಾತ್ರಕ್ಕೆ ಎಂಟು ವರ್ಷಕ್ಕೆ ಅದರ ಉತ್ತರಾಧಿಕಾರಿ ಬರುತ್ತದೆಂಬ ಭರವಸೆ ಇಲ್ಲ. ಸೀಳಿನ ದಡದ ಹೆಚ್ಚಿನ ಹಲ್ಲನ್ನು ಅಂದಗೆಡಿಸುತ್ತದೆಂದು ಅವಸರದಲ್ಲಿ ಕೀಳಿಸುವುದೂ ತಪ್ಪು. ಹಲ್ಲು ಇರುವಷ್ಟು ದಿನ ಅದರ ಸುತ್ತ ಮೂಳೆ ಇರುತ್ತದೆ. ಮೊದಲೇ ಮೂಳೆಗೆ ಬಡತನವಿರುವ ಜಾಗದಲ್ಲಿ ಅದು ಸಣ್ಣ ಮಾತಲ್ಲ.

ಹಲ್ಲು ಹೊತ್ತುಕೊಂಡೇ ಹುಟ್ಟುವ ಮಕ್ಕಳ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ಸಾಮಾನ್ಯವಾಗಿ ಎರಡು ಮೂರು ಸಾವಿರ ಶಿಶುಗಳಲ್ಲಿ ಒಂದಕ್ಕೆ ಹೀಗಾಗುತ್ತದೆ, ಬರುವುದೂ ಬಹುಪಾಲು ಕೆಳಗಿನ ಮುಂದಿನ ಹಲ್ಲು. ಬ್ರೆಜಿಲ್ಲಿನ ಬೌರು ಪಟ್ಟಣದಲ್ಲಿ ಸಾವೊ ಪಾವ್ಲೊ ವಿಶ್ವವಿದ್ಯಾಲಯದ ಆಸ್ಪತ್ರೆಯೊಂದು ಮುಖದ ಸೀಳುಗಳ ಚಿಕಿತ್ಸೆಗೇ ಮೀಸಲಾಗಿದೆ. ಅಲ್ಲಿಂದ 1996ರಲ್ಲಿ ಬಂದ ವರದಿಯ ಪ್ರಕಾರ ಒಂದು ಬದಿ ಪೂರ್ತಿ ಸೀಳಿದ ಶಿಶುಗಳಲ್ಲಿ ಶೇ. 2ರಷ್ಟು, ಎರಡೂ ಬದಿ ಸೀಳಿದವರಲ್ಲಿ ಶೇ. 10ರಷ್ಟು ಮಕ್ಕಳಿಗೆ ಹುಟ್ಟುವಾಗಲೋ ಮೊದಲ ತಿಂಗಳಲ್ಲೋ ಹಲ್ಲಿತ್ತು. ಅದೂ ಮೇಲ್ದವಡೆಯಲ್ಲಿ, ಸೀಳಿನ ಅಂಚಿನಲ್ಲಿ. ನಮ್ಮಲ್ಲಿ ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗದು ಎಂಬ ನಂಬಿಕೆ ಇನ್ನೂ ಜೀವಂತವಾಗಿದೆ. ಸೀಳಿನ ಮಗುವಿಗೆ ಮೇಲಿನ ಹಲ್ಲು ಮೊದಲು ಕಾಣಿಸುವ ಸಂಭವ ಇತರ ಮಕ್ಕಳಿಗಿಂತ ಹೆಚ್ಚು. ಒಂದು ಅಪವಾದದ ಮೇಲೆ ಇನ್ನೊಂದನ್ನು ಹೊತ್ತ ಆ ಕಂದನ ಬಗ್ಗೆ ಹಿರಿಯರಿಗೆ ತಿಳಿಹೇಳುವ ಹೊಣೆ ಅಂಗನವಾಡಿ ಕಾರ್ಯಕರ್ತೆಯಿಂದ ವೈದ್ಯರವರೆಗೆ ಎಲ್ಲರದ್ದೂ. ಹಲ್ಲು ಸಡಿಲವಾಗಿದ್ದು ಉಸಿರಿನ ಹಾದಿಗೆ ಜಾರುವ ಭಯವಿದ್ದರೆ ಮಾತ್ರ ತೆಗೆಯುತ್ತಾರೆ. ಇಲ್ಲವಾದರೆ ಬಿಡುವುದೇ ಸರಿ.

ಹಲ್ಲು ತಡವಾಗುವುದರ ಬಗ್ಗೆ ಅತ್ಯಂತ ತಾಳ್ಮೆಯ ಕೆಲಸ ನಡೆದದ್ದು ಫಿನ್ಲೆಂಡಿನಲ್ಲಿ. ಅಂಗುಳ ಮಾತ್ರ ಸೀಳಿದ ಮಕ್ಕಳ ಪ್ರಮಾಣ ಬೇರೆಡೆಗಿಂತ ಅಲ್ಲಿ ಹೆಚ್ಚು. ಹೆಲ್ಸಿಂಕಿಯ ರೇಯೊ ರಾಂಟಾ 1970ರ ದಶಕದಿಂದ ಈ ಮಕ್ಕಳ ಎಕ್ಸ್‌ರೇಗಳನ್ನು ಸಾಲಾಗಿ ಓದುತ್ತ ಬಂದು, 1986ರಲ್ಲಿ ಅಲ್ಲಿಯವರೆಗಿನ ಜಗತ್ತಿನ ಅಧ್ಯಯನಗಳನ್ನು ಒಟ್ಟುಮಾಡಿ ವಿಮರ್ಶೆ ಬರೆದರು. ಹಲ್ಲಿನ ವಯಸ್ಸನ್ನು ಅಳೆಯುವುದು ಹುಟ್ಟಿದ ದಿನ ನೋಡಿ ಅಲ್ಲ. ದವಡೆಯೊಳಗೆ ಪ್ರತಿ ಹಲ್ಲಿನ ಕಿರೀಟ ಎಷ್ಟು ಮುಗಿದಿದೆ, ಬೇರು ಎಷ್ಟು ಇಳಿದಿದೆ ಎಂದು ಎಕ್ಸ್‌ರೇಯಲ್ಲಿ ಹಂತ ಗುರುತಿಸಿ ಅಳೆಯುತ್ತಾರೆ. ಕೆನಡಾದ ದೆಮಿರ್ಜಿಯನ್ 1973ರಲ್ಲಿ ಕೊಟ್ಟ ಪಟ್ಟಿ ಈ ಕೆಲಸಕ್ಕೆ ಇಂದಿಗೂ ಬಳಕೆಯಲ್ಲಿದೆ. ಹಾಗೆ ಅಳೆದಾಗ ಸೀಳಿನ ಮಕ್ಕಳ ಶಾಶ್ವತ ಹಲ್ಲುಗಳು ಓರಗೆಯವರಿಗಿಂತ ಸರಾಸರಿ ಅರ್ಧ ವರ್ಷದ ಆಸುಪಾಸು ಹಿಂದಿರುವುದು ಕಂಡಿತು. ಹಲ್ಲು ಕಾಣೆಯಾಗಿರುವ ಮಕ್ಕಳಲ್ಲಿ ಉಳಿದ ಹಲ್ಲುಗಳು ಇನ್ನೂ ನಿಧಾನ. ಎಡಬಲದ ಜೋಡಿ ಹಲ್ಲುಗಳಲ್ಲಿ ಒಂದು ಮುಂದೆ, ಒಂದು ಹಿಂದೆ ಇರುವುದೂ ಇವರಲ್ಲಿ ಹೆಚ್ಚು. ಕಾಣೆಯಾಗುವ ಹಲ್ಲುಗಳಲ್ಲಿ ಸೀಳಿನ ಪಕ್ಕದ ಚಿಕ್ಕ ಬಾಚಿಹಲ್ಲು ಬಿಟ್ಟರೆ, ಕೋರೆಗೂ ದವಡೆಹಲ್ಲಿಗೂ ನಡುವೆ ಬರುವ ಎರಡು ಮುಂದವಡೆ ಹಲ್ಲುಗಳಲ್ಲಿ ಎರಡನೆಯದರದ್ದೇ ಮೇಲುಗೈ. ಸಾಮಾನ್ಯ ಜನರಲ್ಲಿ, ಬುದ್ಧಿಹಲ್ಲು ಬಿಟ್ಟು, ಒಂದಾದರೂ ಶಾಶ್ವತ ಹಲ್ಲು ಹುಟ್ಟದಿರುವುದು ನೂರಕ್ಕೆ ಐದಾರು ಮಂದಿಗೆ. ಅಂಗುಳ ಮಾತ್ರ ಸೀಳಿದ ಫಿನ್ನಿಶ್ ಮಕ್ಕಳಲ್ಲಿ ಅದು ಸುಮಾರು ಮೂರರಲ್ಲಿ ಒಂದು.

ತಡ ಯಾಕೆ ಎಂಬುದರ ಬಗ್ಗೆ ಬಹಳ ವರ್ಷ ಜಗಳವಿತ್ತು. ಶಸ್ತ್ರಚಿಕಿತ್ಸೆಯಲ್ಲಿ ರಕ್ತನಾಳ ಕತ್ತರಿಸಿ ಮೊಳಕೆಗೆ ಪೋಷಣೆ ತಪ್ಪಿತು ಎಂದರು ಕೆಲವರು. ಹಾಲೂಡುವುದು ಕಷ್ಟವಾಗಿ ಮಗುವಿನ ಬೆಳವಣಿಗೆಯೇ ಕುಂದಿತು ಎಂದರು ಇನ್ನು ಕೆಲವರು. ಇವೆರಡರಲ್ಲೂ ಅಲ್ಪಸ್ವಲ್ಪ ನಿಜವಿದೆ. ಆದರೆ ಚಾಕು ಮುಟ್ಟದ ಕೆಳದವಡೆಯಲ್ಲೂ ಹಲ್ಲು ತಡ, ಕೆಳದವಡೆಯಲ್ಲೂ ಮುಂದವಡೆ ಹಲ್ಲು ಕಾಣೆ. ಕಾರಣ ಇನ್ನೂ ಆಳದಲ್ಲಿರಬೇಕು. ಉತ್ತರ ಬಂದದ್ದು ಇಲಿಗಳಿಂದ. 1994ರಲ್ಲಿ ಎಂಎಸ್‌ಎಕ್ಸ್1 ಎಂಬ ವಂಶವಾಹಿ ತೆಗೆದ ಇಲಿಮರಿಗಳು ಅಂಗುಳ ಸೀಳಿ ಹುಟ್ಟಿದವು. ಅವುಗಳ ಹಲ್ಲುಗಳು ಮೊಗ್ಗಿನ ಹಂತದಲ್ಲೇ ನಿಂತುಹೋಗಿದ್ದವು. 1998ರಲ್ಲಿ ಪಾಕ್ಸ್9 ತೆಗೆದಾಗಲೂ ಅದೇ ಆಯಿತು. 2000ದಲ್ಲಿ ನೆದರ್ಲೆಂಡ್ಸಿನ ಒಂದು ಕುಟುಂಬದಲ್ಲಿ ಸೀಳೂ ಹಲ್ಲಿನ ಕೊರತೆಯೂ ಎಂಎಸ್‌ಎಕ್ಸ್1ರ ಒಂದೇ ದೋಷದ ಜೊತೆ ತಲೆಮಾರು ದಾಟುತ್ತಿರುವುದು ಗೊತ್ತಾಯಿತು. ಕೆಳತುಟಿಯಲ್ಲಿ ಎರಡು ಸಣ್ಣ ಕುಳಿ ಹೊತ್ತು, ಕೆಲವರಲ್ಲಿ ಸೀಳಿನೊಂದಿಗೆ ಬರುವ ವ್ಯಾನ್ ಡರ್ ವೂಡ್ ಲಕ್ಷಣಕೂಟಕ್ಕೆ ಐಆರ್‌ಎಫ್6 ಕಾರಣವೆಂದು 2002ರಲ್ಲಿ ತಿಳಿಯಿತು. ಅವರಲ್ಲೂ ಕಾಣೆಯಾಗುವುದು ಬಹಳ ಸಲ ಎರಡನೇ ಮುಂದವಡೆ ಹಲ್ಲೇ. ಹೆಚ್ಚಿನ ಮಕ್ಕಳಲ್ಲಿ ಇಷ್ಟು ನೇರವಾದ ಒಂದೇ ದೋಷ ಸಿಗುವುದಿಲ್ಲ, ಹತ್ತಾರು ಸಣ್ಣ ಒಲವುಗಳು ಸೇರಿರುತ್ತವೆ. ಆದರೂ ದಿಕ್ಕು ಸ್ಪಷ್ಟ: ಅಂಗುಳ ಕಟ್ಟುವ ಸೂಚನೆಗಳೂ ಹಲ್ಲು ಕಟ್ಟುವ ಸೂಚನೆಗಳೂ ಬಹುಪಾಲು ಒಂದೇ.

ಪಿಯರ್ ರೋಬಿನ್ ಎಂಬ ಫ್ರೆಂಚ್ ವೈದ್ಯರು 1923ರಲ್ಲಿ ವರ್ಣಿಸಿದ ಮಕ್ಕಳದ್ದು ವಿಶೇಷ ಗುಂಪು. ಕೆಳದವಡೆ ಸಣ್ಣದು, ನಾಲಿಗೆ ಹಿಂದಕ್ಕೆ ಬಿದ್ದು ಉಸಿರು ಕಟ್ಟುತ್ತದೆ, ಅಂಗುಳದಲ್ಲಿ ಅಗಲವಾದ ದುಂಡನೆಯ ಸೀಳು. ಮೊದಲ ತಿಂಗಳುಗಳಲ್ಲಿ ಉಸಿರಿನ ಚಿಂತೆಯೇ ಎಲ್ಲವನ್ನೂ ನುಂಗುತ್ತದೆ, ನುಂಗಬೇಕಾದದ್ದೇ. ಕೆಳಗಿನ ಮುಂದವಡೆ ಹಲ್ಲುಗಳ ಕೊರತೆ ಈ ಮಕ್ಕಳಲ್ಲಿ ಇನ್ನೂ ಹೆಚ್ಚೆಂಬುದನ್ನು ಮಾತ್ರ ಕಡತದಲ್ಲಿ ಬರೆದಿಟ್ಟುಕೊಳ್ಳಬೇಕು.

ಇನ್ನು ಹಲ್ಲಿನ ಹೊರಕವಚ, ಎನಾಮಲ್. ಇಲ್ಲಿ ಶಸ್ತ್ರಚಿಕಿತ್ಸೆಯನ್ನು ಪೂರ್ತಿ ಬಿಟ್ಟುಬಿಡಲಾಗದು. ಹಾಲುಹಲ್ಲುಗಳಿಗೆ ಸುಣ್ಣಾಂಶ ಕೂರುವುದು ಬಸಿರಿನ ಹದಿನಾಲ್ಕನೇ ವಾರದ ಸುಮಾರಿಗೇ ಶುರುವಾಗಿ, ಹುಟ್ಟಿದ ಮೊದಲ ವರ್ಷದೊಳಗೆ ಕಿರೀಟಗಳೆಲ್ಲ ಮುಗಿಯುತ್ತವೆ. ಶಾಶ್ವತ ಹಲ್ಲುಗಳಲ್ಲಿ ಮೊದಲ ದವಡೆಹಲ್ಲು ಹುಟ್ಟಿನ ಹೊತ್ತಿಗೆ, ಮಧ್ಯದ ಬಾಚಿಹಲ್ಲು ಮೂರು ನಾಲ್ಕು ತಿಂಗಳಿಗೆ, ಕೋರೆ ನಾಲ್ಕೈದು ತಿಂಗಳಿಗೆ, ಮೇಲಿನ ಚಿಕ್ಕ ಬಾಚಿ ಹತ್ತು ಹನ್ನೆರಡು ತಿಂಗಳಿಗೆ ಗಟ್ಟಿಯಾಗಲು ತೊಡಗುತ್ತವೆ. ತುಟಿಯ ಹೊಲಿಗೆ ನಡೆಯುವುದು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಲ್ಲಿ, ಅಂಗುಳದ್ದು ಒಂಬತ್ತರಿಂದ ಹದಿನೆಂಟು ತಿಂಗಳಲ್ಲಿ. ಎರಡು ಕ್ಯಾಲೆಂಡರುಗಳನ್ನು ಒಂದರ ಮೇಲೊಂದು ಇಟ್ಟರೆ ತಾರೀಖುಗಳು ಕೂಡಿಬೀಳುತ್ತವೆ. ಸೀಳಿನ ಕಡೆಯ ಮಧ್ಯದ ಬಾಚಿಹಲ್ಲಿನಲ್ಲಿ ಬಿಳಿ, ಹಳದಿ, ಕಂದು ಮಚ್ಚೆಗಳು, ತೆಳುವಾದ ಎನಾಮಲ್, ಸಣ್ಣ ಗುಳಿಗಳು ಹೆಚ್ಚು ಕಾಣುವುದಕ್ಕೆ ಇದೂ ಒಂದು ಕಾರಣವೆಂದು ಅನೇಕ ಅಧ್ಯಯನಗಳು ಹೇಳುತ್ತವೆ. ಆದರೆ ಸೀಳಿನ ದಡದಲ್ಲಿ ರಕ್ತಸಂಚಾರವೂ ಜಾಗವೂ ಮೊದಲೇ ಕಡಿಮೆ. ಆದ್ದರಿಂದ ಅಪರಾಧ ಪೂರ್ತಿ ಹೊಲಿಗೆಯ ತಲೆಗೆ ಕಟ್ಟಲಾಗದು. ಹೊಲಿಗೆ ಮುಂದೂಡಿ ಹಲ್ಲು ಉಳಿಸುವ ಪ್ರಶ್ನೆಯಂತೂ ಇಲ್ಲವೇ ಇಲ್ಲ. ಹಾಲು ಕುಡಿಯುವುದು, ಮಾತು, ಮುಖ ಇವುಗಳ ಮುಂದೆ ಒಂದು ಮಚ್ಚೆಯ ತೂಕ ಎಷ್ಟು?

ಕರ್ನಾಟಕದ ಓದುಗರಿಗೆ ಇಲ್ಲೊಂದು ಎಚ್ಚರಿಕೆ. ಪಾವಗಡ, ಬಾಗೇಪಲ್ಲಿ, ಕೋಲಾರದ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅಲ್ಲಿ ಯಾವ ಮಗುವಿನ ಹಲ್ಲಲ್ಲಿ ಮಚ್ಚೆ ಕಂಡರೂ ‘ನೀರಿಂದು’ ಎಂದು ಸುಮ್ಮನಾಗುವುದು ರೂಢಿ. ಫ್ಲೋರೈಡಿನ ಮಚ್ಚೆ ಎಡಕ್ಕೂ ಬಲಕ್ಕೂ ಸಮನಾಗಿ, ಹಲವು ಹಲ್ಲುಗಳಲ್ಲಿ ಬರುತ್ತದೆ, ಹಾಲುಹಲ್ಲುಗಳನ್ನು ಅಷ್ಟಾಗಿ ಕಾಡುವುದಿಲ್ಲ. ಸೀಳಿನ ಪಕ್ಕದ ಒಂದೇ ಹಲ್ಲಿನಲ್ಲಿ, ಒಂದೇ ಬದಿಯಲ್ಲಿ ಮಚ್ಚೆ ಅಥವಾ ಗುಳಿ ಇದ್ದರೆ ಅದು ನೀರಿನದ್ದಲ್ಲ. ಅಲ್ಲಿ ಎನಾಮಲ್ ತೆಳು, ಹುಳುಕು ಬೇಗ ಹಿಡಿಯುತ್ತದೆ.

ಹುಳುಕಿನ ವಿಷಯಕ್ಕೇ ಬರುತ್ತೇನೆ. ತಡೆಯಬಹುದಾಗಿದ್ದೂ ತಡೆಯದೆ ಬಿಟ್ಟ ನಷ್ಟ ಈ ಮಕ್ಕಳ ಬಾಯಲ್ಲಿ ಏನಾದರೂ ಇದ್ದರೆ ಅದು ಇದೇ. ಅಂಗುಳ ಸೀಳಿದ ಶಿಶು ಬಾಯಲ್ಲಿ ಎಳೆತ ಹುಟ್ಟಿಸಲಾರದು, ಮೊಲೆ ಚೀಪಲು ಆಗದು. ಹಿಂಡುವ ಬಾಟಲಿ, ಚಮಚ, ಒಳಲೆ ಇವುಗಳಿಂದ ಗುಟುಕು ಗುಟುಕಾಗಿ ಕುಡಿಸಬೇಕು. ಒಂದು ಹೊತ್ತಿನ ಹಾಲು ಮುಗಿಯಲು ಬಹಳ ಸಮಯ ಹಿಡಿಯುತ್ತದೆ. ತೂಕ ಏರದಿದ್ದರೆ ಆಪರೇಷನ್ನಿಗೆ ತೆಗೆದುಕೊಳ್ಳುವುದಿಲ್ಲ ಎಂಬ ಭಯ ಮನೆಯವರಿಗೆ. ಅದಕ್ಕೆ ಕಾರಣವೂ ಇದೆ: 1966ರಿಂದ ಶಸ್ತ್ರವೈದ್ಯರಲ್ಲಿ ಬಳಕೆಗೆ ಬಂದ ಹತ್ತರ ನಿಯಮವೆಂದರೆ ಹತ್ತು ವಾರ ವಯಸ್ಸು, ಹತ್ತು ಪೌಂಡು ತೂಕ, ಹತ್ತು ಗ್ರಾಂ ಹಿಮೋಗ್ಲೋಬಿನ್. ಹಾಗಾಗಿ ಹಾಲಿಗೆ ಸಕ್ಕರೆ, ರಾಗಿ ಸರಿಗೆ ಬೆಲ್ಲ, ರಾತ್ರಿಯಿಡೀ ಬಾಟಲಿ. ಆ ಪ್ರೀತಿಯನ್ನು ಬೈಯುವ ಮನಸ್ಸು ಯಾರಿಗೆ ಬಂದೀತು? ಹೊಲಿಗೆಯ ಮೇಲೆ ತುಟಿ ಬಿಗಿಯಾಗಿ ಬೆರಳು ಹೋಗುವುದೂ ಕಷ್ಟ. ಕೈ ತಾಗಿ ಹೊಲಿಗೆ ಬಿಚ್ಚೀತೆಂದು ತಾಯಿ ಮುಂದಿನ ಹಲ್ಲುಗಳನ್ನು ತಿಕ್ಕುವುದೇ ಇಲ್ಲ. ತಿರುಚಿದ, ಒತ್ತಿಕೊಂಡ ಹಲ್ಲುಗಳ ಸಂದಿಯಲ್ಲಿ ಅಂಟಿದ್ದು ಅಲ್ಲೇ ಉಳಿಯುತ್ತದೆ. ಮೂರು ವರ್ಷಕ್ಕೆ ಮುಂದಿನ ಹಲ್ಲುಗಳು ಕರಗಿ ಕಪ್ಪು ಮೋಟುಗಳಾಗಿರುತ್ತವೆ.

‘ಹಾಲುಹಲ್ಲು ತಾನೇ, ಬಿದ್ದುಹೋಗುತ್ತದೆ’ ಎನ್ನುವ ಮಾತು ಯಾವ ಮಗುವಿನ ಬಗ್ಗೆಯೂ ತಪ್ಪು, ಈ ಮಗುವಿನ ಬಗ್ಗೆ ದುಪ್ಪಟ್ಟು ತಪ್ಪು. ಇದರ ಶಾಶ್ವತ ಹಲ್ಲು ತಡವಾಗಿ ಬರುತ್ತದೆ, ಹಾಗಾಗಿ ಹಾಲುಹಲ್ಲು ಇತರರಿಗಿಂತ ಹೆಚ್ಚು ಕಾಲ ದುಡಿಯಬೇಕು. ಕೆಲವು ಕಡೆ ಶಾಶ್ವತ ಹಲ್ಲೇ ಇಲ್ಲದಿರಬಹುದು, ಅಲ್ಲಿ ಹಾಲಿನ ದವಡೆಹಲ್ಲನ್ನು ಇಪ್ಪತ್ತು ದಾಟುವವರೆಗೂ ಉಳಿಸಿಕೊಳ್ಳುವುದುಂಟು. ಮುಂದೆ ದವಡೆ ಅಗಲಿಸುವ ತಂತಿ ಕೂರಿಸಲು ಹಿಡಿತ ಬೇಕು, ಆ ಹಿಡಿತ ಸಿಗುವುದು ಗಟ್ಟಿ ಹಲ್ಲಿನಿಂದ. ಮಾತು ಕಲಿಸುವ ಥೆರಪಿಸ್ಟ್ ‘ತ’, ‘ಸ’ ಹೇಳಿಸುವಾಗ ನಾಲಿಗೆಗೆ ತಾಗಲು ಮುಂದಿನ ಹಲ್ಲು ಬೇಕು. ಹುಳುಕಿನ ಕೀವು ಬಾಯಲ್ಲಿಟ್ಟುಕೊಂಡು ಮೂಳೆ ಕಸಿ ಮಾಡಲಾಗದು. ಮೊದಲ ಹಲ್ಲು ಕಂಡ ದಿನದಿಂದ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟು, ಮೆತ್ತನೆಯ ಸಣ್ಣ ಬ್ರಷ್ಷು, ತುಟಿಯನ್ನು ಬೆರಳಿನಿಂದ ಮೆಲ್ಲಗೆ ಎತ್ತಿ ತಿಕ್ಕುವುದು. ವರ್ಷ ತುಂಬುವುದರೊಳಗೆ ದಂತವೈದ್ಯರ ಮೊದಲ ಭೇಟಿ. ಆಮೇಲೆ ನಿಯಮಿತವಾಗಿ ಫ್ಲೋರೈಡ್ ವಾರ್ನಿಶ್. ಇಷ್ಟಕ್ಕೆ ಆಪರೇಷನ್ ಥಿಯೇಟರ್ ಬೇಡ, ಅರಿವಳಿಕೆ ಬೇಡ. ಹೊಲಿಗೆ ಒಣಗಿದ ಮೇಲೆ ತಿಕ್ಕಿದರೆ ಬಿಚ್ಚುವುದಿಲ್ಲವೆಂದು ಡಿಸ್ಚಾರ್ಜ್ ದಿನ ತಾಯಿಗೆ ಹಲ್ಲುಜ್ಜಿ ತೋರಿಸಿಕೊಡುವ ಒಬ್ಬ ನರ್ಸ್ ಇದ್ದರೆ ಸಾಕು.

ಅಂಗುಳದ ಶಸ್ತ್ರಚಿಕಿತ್ಸೆ ಹಲ್ಲುಗಳ ಸಾಲನ್ನು ಪರೋಕ್ಷವಾಗಿ ಮುಟ್ಟುವ ಬಗೆ ಇನ್ನೊಂದಿದೆ, ದವಡೆಯ ಬೆಳವಣಿಗೆಯ ಮೂಲಕ. ಸೀಳು ಮುಚ್ಚಲು ಅಂಗುಳದ ಎರಡೂ ಬದಿಯ ಪದರವನ್ನು ಮೂಳೆಯಿಂದ ಎಬ್ಬಿಸಿ ನಡುವಿಗೆ ಎಳೆದಾಗ, ದವಡೆಹಲ್ಲುಗಳ ಪಕ್ಕದಲ್ಲಿ ಬರಿದಾದ ಮೂಳೆಯ ಮೇಲೆ ಕಲೆಗಟ್ಟಿದ ಅಂಗಾಂಶ ಬೆಳೆಯುತ್ತದೆ. ಆ ಕಲೆ ಕುಗ್ಗುತ್ತ ಹಲ್ಲಿನ ಸಾಲನ್ನು ಒಳಕ್ಕೆ ಎಳೆಯುತ್ತದೆ. ಮೇಲಿನ ಹಲ್ಲು ಕೆಳಗಿನ ಹಲ್ಲಿನ ಹೊರಗೆ ಕೂರುವ ಬದಲು ಒಳಗೆ ಕೂರುತ್ತದೆ. ಇದಕ್ಕೆ ಅತ್ಯಂತ ಗಟ್ಟಿ ಸಾಕ್ಷಿ ಬಂದದ್ದು ನಮ್ಮ ನೆರೆಯ ಶ್ರೀಲಂಕಾದಿಂದ. ಲಂಡನ್ನಿನ ದಂತತಜ್ಞ ಮೈಕೆಲ್ ಮಾರ್ಸ್ ಮತ್ತು ತಂಡ 1984ರಿಂದ ಗಾಲೆಯಲ್ಲಿ ಚಿಕಿತ್ಸೆಯನ್ನೇ ಕಾಣದೆ ದೊಡ್ಡವರಾದ ಸೀಳಿನ ಜನರನ್ನು ಪರೀಕ್ಷಿಸಿದರು. ಹೊಲಿಗೆ ಬೀಳದ ಆ ವಯಸ್ಕರ ಮೇಲ್ದವಡೆ ಬಹುಮಟ್ಟಿಗೆ ಸಹಜವಾಗಿ ಮುಂದಕ್ಕೆ ಬೆಳೆದಿತ್ತು. ಎಳವೆಯಲ್ಲಿ ಅಂಗುಳ ಹೊಲಿಸಿಕೊಂಡವರಲ್ಲಿ ಮುಖದ ನಡುಭಾಗ ಒಳಸರಿದಿರುವುದು ಹೆಚ್ಚು. ಬೆಳೆಯುವ ಶಕ್ತಿ ಮಗುವಿನಲ್ಲಿದೆ, ಕಲೆ ಅದನ್ನು ಹಿಡಿದೆಳೆಯುತ್ತದೆ. ಆದರೆ ಹೊಲಿಸದೆ ಬಿಟ್ಟವರ ಮಾತು ಮೂಗಿನಲ್ಲೇ ಉಳಿದು ಯಾರಿಗೂ ಅರ್ಥವಾಗದೆ ಹೋದದ್ದೂ ಅಲ್ಲೇ ದಾಖಲಾಗಿದೆ.

ಹಾಗಾದರೆ ಯಾವಾಗ ಹೊಲಿಯಬೇಕು? ಅಂಗುಳ ಮಾತ್ರ ಸೀಳಿದ 558 ಶಿಶುಗಳನ್ನು ಯುರೋಪ್ ಮತ್ತು ದಕ್ಷಿಣ ಅಮೆರಿಕದ 23 ಕೇಂದ್ರಗಳಲ್ಲಿ ಎರಡು ಗುಂಪು ಮಾಡಿ, ಒಂದಕ್ಕೆ ಆರು ತಿಂಗಳಿಗೆ, ಇನ್ನೊಂದಕ್ಕೆ ಹನ್ನೆರಡು ತಿಂಗಳಿಗೆ ಶಸ್ತ್ರಚಿಕಿತ್ಸೆ ಮಾಡಿದ ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಐದು ವರ್ಷದ ವಯಸ್ಸಿಗೆ ಮಾತನಾಡುವಾಗ ಗಾಳಿ ಮೂಗಿಗೆ ಸೋರುವ ತೊಂದರೆ ಬೇಗ ಹೊಲಿಸಿಕೊಂಡವರಲ್ಲಿ ಶೇ. 8.9, ತಡವಾಗಿ ಹೊಲಿಸಿಕೊಂಡವರಲ್ಲಿ ಶೇ. 15. ಆ ವಯಸ್ಸಿಗೆ ದವಡೆಯ ಬೆಳವಣಿಗೆಯಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ಮುಖದ ಬೆಳವಣಿಗೆ ಹದಿಹರೆಯ ದಾಟಿದ ಮೇಲೆ ಮುಗಿಯುವ ಕೆಲಸ. ಐದು ವರ್ಷದ ಹಾಲುಹಲ್ಲಿನ ಅಚ್ಚು ನೋಡಿ ಹದಿನೆಂಟರ ದವಡೆಯ ಭವಿಷ್ಯ ಹೇಳಲಾಗದು. ಆರು ತಿಂಗಳ ಶಿಶುವಿಗೆ ಸುರಕ್ಷಿತವಾಗಿ ಅರಿವಳಿಕೆ ಕೊಡಬಲ್ಲ ತಂಡ ಎಲ್ಲೆಡೆ ಇರುವುದೂ ಇಲ್ಲ. ಈ ಪ್ರಯೋಗ ಮಾತಿನ ಪ್ರಶ್ನೆಗೆ ಉತ್ತರ ಕೊಟ್ಟಿದೆ, ಹಲ್ಲಿನ ಸಾಲಿನ ಪ್ರಶ್ನೆ ತೆರೆದೇ ಇದೆ.

ಶಿಶುವಿನ ಅಂಗುಳಕ್ಕೆ ಅಳತೆಯ ತಟ್ಟೆ ಕೂರಿಸಿ ಸೀಳಿನ ದಡಗಳನ್ನು ಹತ್ತಿರ ತರುವ ಪದ್ಧತಿ 1950ರ ದಶಕದಿಂದ ಇದೆ. ನ್ಯೂಯಾರ್ಕಿನ ಬ್ಯಾರಿ ಗ್ರೇಸನ್ 1990ರ ದಶಕದಲ್ಲಿ ಅದಕ್ಕೆ ಮೂಗು ಎತ್ತುವ ಕೊಂಡಿ ಸೇರಿಸಿದರು, ನಮ್ಮಲ್ಲೂ ಅದು ಬಳಕೆಯಲ್ಲಿದೆ. ಮೂಗಿನ ಆಕಾರಕ್ಕೆ ಅದು ನೆರವಾಗಬಹುದು. ಆದರೆ ಅಂಗುಳದ ತಟ್ಟೆಯಿಂದ ಹಲ್ಲಿನ ಸಾಲಿಗೆ ಬಾಳುವಂಥ ಲಾಭವಿಲ್ಲವೆಂದು ಡಚ್ ತಜ್ಞರ ನಿಯಂತ್ರಿತ ಪ್ರಯೋಗ ತೋರಿಸಿದೆ. ದೂರದ ಹಳ್ಳಿಯಿಂದ ವಾರವಾರ ಬಂದುಹೋಗುವ ಕೂಲಿ ಕುಟುಂಬಕ್ಕೆ ತಟ್ಟೆಯನ್ನು ಸೂಚಿಸುವ ಮುಂಚೆ ಈ ಮಾತು ನೆನಪಿರಬೇಕು.

ಹಲ್ಲಿನ ಗಡಿಯಾರ ನೋಡಿ ಚಿಕಿತ್ಸೆಯ ದಿನ ಗೊತ್ತುಮಾಡುವುದಕ್ಕೆ ಒಳ್ಳೆಯ ನಿದರ್ಶನ ವಸಡಿನ ದಿಂಡಿನ ಮೂಳೆ ಕಸಿ. ಅಮೆರಿಕದ ಬಾಯ್ನ್ ಮತ್ತು ಸ್ಯಾಂಡ್ಸ್ 1972ರಲ್ಲಿ ಇದನ್ನು ವಿವರಿಸಿದರು, ಆಸ್ಲೊ ತಂಡ 1980ರ ದಶಕದಲ್ಲಿ ನೂರಾರು ಮಕ್ಕಳಲ್ಲಿ ಫಲ ತೋರಿಸಿ ಜಗತ್ತಿಗೆ ಒಪ್ಪಿಸಿತು. ಮಗುವಿನ ಸೊಂಟದ ಮೂಳೆಯಿಂದ ಮೆದು ಮೂಳೆ ತೆಗೆದು ಸೀಳಿದ ದಿಂಡಿನೊಳಗೆ ತುಂಬುತ್ತಾರೆ. ಕಾಯುವುದು ಕೋರೆಹಲ್ಲಿಗಾಗಿ: ಅದರ ಬೇರು ಅರ್ಧದಿಂದ ಮೂರರಲ್ಲೆರಡು ಭಾಗ ಬೆಳೆದಿರಬೇಕು, ಹಲ್ಲು ಇನ್ನೂ ಹೊರಬಂದಿರಬಾರದು. ಆಮೇಲೆ ಕೋರೆ ಆ ಹೊಸ ಮೂಳೆಯ ಮೂಲಕ ಇಳಿದು ಬರುತ್ತದೆ, ಬರುತ್ತ ಆ ಮೂಳೆಗೆ ದುಡಿಮೆ ಕೊಟ್ಟು ಅದನ್ನು ಬದುಕಿಸುತ್ತದೆ. ಕೋರೆ ಹೊರಬಂದ ಮೇಲೆ ಕಸಿ ಮಾಡಿದರೆ ಯಶಸ್ಸು ಇಳಿಯುತ್ತದೆ. ಚಿಕ್ಕ ಬಾಚಿಹಲ್ಲು ಇದ್ದು ಅದನ್ನು ಉಳಿಸಬೇಕೆಂದರೆ ಇನ್ನೂ ಮೊದಲೇ ಕಸಿ ಮಾಡುತ್ತಾರೆ. ಸಾಮಾನ್ಯವಾಗಿ ಇದು ಒಂಬತ್ತರಿಂದ ಹನ್ನೊಂದು ವರ್ಷ. ಆದರೆ ಈ ಮಕ್ಕಳ ಹಲ್ಲು ಓರಗೆಯವರಿಗಿಂತ ಹಿಂದೆ, ಸೀಳಿನ ಬದಿಯ ಕೋರೆ ಅದಕ್ಕಿಂತಲೂ ಹಿಂದೆ. ವಯಸ್ಸು ಹತ್ತಾಯಿತೆಂದು ದಿನ ಗೊತ್ತುಮಾಡಿದರೆ ಒಂದು ಮಗುವಿಗೆ ಬೇಗ, ಇನ್ನೊಂದಕ್ಕೆ ತಡ. ಅದಕ್ಕೇ ಏಳೆಂಟು ವರ್ಷದ ಸುಮಾರಿಗೆ ಒಂದು ದೊಡ್ಡ ಎಕ್ಸ್‌ರೇ ತೆಗೆಸಿ, ಯಾವ ಹಲ್ಲು ಇದೆ, ಯಾವುದಿಲ್ಲ, ಕೋರೆಯ ಬೇರು ಎಲ್ಲಿಗೆ ಬಂದಿದೆ ಎಂದು ಓದಲೇಬೇಕು.

ನಮ್ಮ ವ್ಯವಸ್ಥೆ ಮುರಿದುಬೀಳುವುದು ಇಲ್ಲೇ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮೂವತ್ತು ತೊಂದರೆಗಳ ಪಟ್ಟಿಯಲ್ಲಿ ಸೀಳುತುಟಿ ಸೀಳಂಗುಳವೂ ಇದೆ, ಹಲ್ಲಿನ ಹುಳುಕೂ ಇದೆ, ಈ ಮಕ್ಕಳನ್ನು ಕಾಡುವ ಕಿವಿ ಸೋರುವಿಕೆಯೂ ಇದೆ. ಮೂರೂ ಒಂದೇ ಮಗುವಿನಲ್ಲಿ ಇರುತ್ತವೆ ಎಂಬುದು ಮಾತ್ರ ಪಟ್ಟಿಯಲ್ಲಿ ಕಾಣುವುದಿಲ್ಲ. ಹೊಲಿಗೆಗೆ ಹಣವಿದೆ, ದಾನಿಗಳಿದ್ದಾರೆ. 2000ದಿಂದ ಭಾರತದಲ್ಲಿರುವ ಸ್ಮೈಲ್ ಟ್ರೈನಿನಂಥ ಸಂಸ್ಥೆಗಳಿಂದ ಬಡವರಿಗೂ ಉಚಿತ ಶಸ್ತ್ರಚಿಕಿತ್ಸೆ ಸಿಕ್ಕಿದೆ. ಧಾರವಾಡದ ಎಸ್‌ಡಿಎಂ ದಂತ ಕಾಲೇಜು, ದೇರಳಕಟ್ಟೆಯ ನಿಟ್ಟೆ ಮೀನಾಕ್ಷಿ ಸಂಸ್ಥೆಗಳಂಥ ಕಡೆ ಶಸ್ತ್ರವೈದ್ಯರೂ ದಂತವೈದ್ಯರೂ ಒಂದೇ ಆವರಣದಲ್ಲಿ ಸಿಗುತ್ತಾರೆ. ಇಷ್ಟು ದಂತ ಕಾಲೇಜುಗಳಿರುವ ರಾಜ್ಯದಲ್ಲಿ, ಒಂದನೇ ವರ್ಷಕ್ಕೂ ಹತ್ತನೇ ವರ್ಷಕ್ಕೂ ನಡುವೆ ಈ ಮಗುವಿನ ಬಾಯಿ ನೋಡುವವರಿಲ್ಲದಿರುವುದು ನನಗೆ ಒಪ್ಪಿಕೊಳ್ಳಲಾಗದ ಸಂಗತಿ. ಹೊಲಿಗೆಯ ಎಣಿಕೆ ಸುಲಭ, ಹುಳುಕು ಹಿಡಿಯದ ಹಲ್ಲಿನ ಎಣಿಕೆ ಕಷ್ಟ. ದಾನದ ಹಣ ಸುಲಭದ ಎಣಿಕೆಯ ಕಡೆ ಹರಿದಿದೆ. ಜಿಲ್ಲಾ ಮಟ್ಟದ ಆರಂಭಿಕ ಚಿಕಿತ್ಸಾ ಕೇಂದ್ರಗಳಲ್ಲಿ ದಂತವೈದ್ಯರ ಹುದ್ದೆಗೆ ಜಾಗವಿದೆ. ಸೀಳಿನ ಮಕ್ಕಳ ಹೆಸರಿನ ಎದುರು ಒಂದು, ಮೂರು, ಐದು, ಎಂಟು ವರ್ಷಗಳ ನಾಲ್ಕು ಹಲ್ಲಿನ ತಪಾಸಣೆ ಬರೆದಿಟ್ಟು, ಬಾರದವರನ್ನು ಆಶಾ ಕಾರ್ಯಕರ್ತೆಯ ಮೂಲಕ ಕರೆಸಲು ಹೊಸ ಯೋಜನೆಯೇನೂ ಬೇಡ.

ಎಂಟನೇ ವರ್ಷದ ಆ ಎಕ್ಸ್‌ರೇಯಲ್ಲಿ ಚಿಕ್ಕ ಬಾಚಿಹಲ್ಲು ಇಲ್ಲವೆಂದು ಖಚಿತವಾದರೆ ಮುಂದೆ ಎರಡು ಹಾದಿ. ಒಂದು, ಕಸಿ ಮಾಡಿದ ಮೂಳೆಯಲ್ಲಿ ಕೋರೆಯನ್ನು ತಂತಿ ಹಾಕಿ ಮುಂದಕ್ಕೆ ತಂದು, ತುದಿ ಉಜ್ಜಿ ಬಾಚಿಹಲ್ಲಿನ ಆಕಾರ ಕೊಡುವುದು. ಇನ್ನೊಂದು, ಜಾಗ ಬಿಟ್ಟು, ಬೆಳವಣಿಗೆ ನಿಂತ ಮೇಲೆ, ಅಂದರೆ ಹದಿನೆಂಟು ದಾಟಿದ ಮೇಲೆ, ಇಂಪ್ಲಾಂಟ್ ಅಥವಾ ಸೇತುವೆ ಹಲ್ಲು ಕೂರಿಸುವುದು. ನಮ್ಮ ಪರಿಸ್ಥಿತಿಗೆ ಮೊದಲನೆಯದೇ ಮೇಲೆಂದು ನನ್ನ ಅಭಿಪ್ರಾಯ. ಮಗುವಿನದೇ ಹಲ್ಲು, ಜೀವವಿರುವ ಬೇರು, ಎರಡನೇ ಸಲ ದುಡ್ಡು ಹೊಂದಿಸುವ ಪ್ರಶ್ನೆಯಿಲ್ಲ, ಹದಿಹರೆಯದ ಎಂಟು ಹತ್ತು ವರ್ಷ ಖಾಲಿ ಸಂದಿ ಮುಚ್ಚಿಕೊಂಡು ನಗಬೇಕಾಗಿಯೂ ಇಲ್ಲ. ಎರಡನೇ ಮುಂದವಡೆ ಹಲ್ಲು ಇಲ್ಲದಿದ್ದರೆ ಅದರ ಮೇಲಿನ ಹಾಲುಹಲ್ಲನ್ನು ಉಳಿಸಬೇಕೋ, ತೆಗೆದು ಜಾಗ ಮುಚ್ಚಬೇಕೋ ಎಂಬುದನ್ನೂ ಅದೇ ಎಕ್ಸ್‌ರೇ ನೋಡಿ, ಮೇಲ್ದವಡೆ ಎಷ್ಟು ಹಿಂದಿದೆ ಎಂಬುದರ ಜೊತೆ ಸೇರಿಸಿ ತೀರ್ಮಾನಿಸುತ್ತಾರೆ. ಮೊದಲೇ ಕಿರಿದಾದ ಮೇಲ್ದವಡೆಯಲ್ಲಿ ಇನ್ನೊಂದು ಹಲ್ಲು ಕಿತ್ತು ಜಾಗ ಮುಚ್ಚುವುದು ಸಾಮಾನ್ಯವಾಗಿ ಹಿತವಲ್ಲ; ಕೆಳದವಡೆಯಲ್ಲಿ ಅದೇ ಕೆಲಸ ಮೇಲು ಕೆಳಗಿನ ಸಾಲನ್ನು ಹೊಂದಿಸಲು ನೆರವಾಗುವುದುಂಟು. ಹಾಲಿನ ದವಡೆಹಲ್ಲು ಆರನೇ ವರ್ಷಕ್ಕೇ ಹುಳುಕಾಗಿ ಹೋಗಿದ್ದರೆ ಈ ಆಯ್ಕೆಯೇ ಉಳಿಯುವುದಿಲ್ಲ. ಹಿಂದಿನ ಹಲ್ಲು ಮುಂದಕ್ಕೆ ವಾಲಿ ಜಾಗವನ್ನು ತಾನೇ ತಿಂದಿರುತ್ತದೆ.